ಬಿಸಿಲೆಂಬ ಟವಲು

ದೋಣಿ ತೊಳೆಯುವುದರಲ್ಲಿ ತನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ, ಹುಟ್ಟಿದ್ದರೂ ಅವನಿಗಿನ್ನೂ ಹಲ್ಲು ಬಂದಿರಲಾರದು ಎಂದು ಅವನು ಹೇಳಿಕೊಳ್ಳುತ್ತಿದ್ದ. ಅವನು ತೊಳೆದಿಟ್ಟ ದೋಣಿಯಲ್ಲಿ ಒಂದು ಕಾಗೆ ತನ್ನ ಮುಖ ನೋಡಿಕೊಂಡು, ಮರುಳಾಗಿ, ಸಂಜೆಯಾದರೂ ಗೂಡಿಗೆ ಹೋಗದೆ ಕೂತುಬಿಟ್ಟಿತ್ತಂತೆ. ಕೊನೆಗೆ ಅದರ ಹೆಂಡತಿ ಬಂದು ತಲೆಗೆ ಕುಕ್ಕಿ ಎಳೆದುಕೊಂಡು ಹೋಯಿತಂತೆ. ಕಾಗೆಯ ಸಂಸಾರ ಕಂಡವರು ಯಾರೂ ಇಲ್ಲ. ಆದರೆ ಈ ಕತೆ ಹೇಳಿ ಹೇಳಿ ಅವನಿಗೆ ‘ಕನ್ನಡಿ’ ಎಂಬ ಹೆಸರು ಮಾತ್ರ ಅಂಟಿಕೊಂಡಿತು. ಹೆತ್ತವರು ಇಟ್ಟ ಹೆಸರು ದೋಣಿ ನಡೆಸುವ ಲೈಸೆನ್ಸಿನ ಮೇಲಷ್ಟೇ ಉಳಿಯಿತು.

ಹೌದು, ಅವನ ಬಳಿ ಲೈಸೆನ್ಸು ಇತ್ತು. ಯೌವನದಲ್ಲಿ ಪರೀಕ್ಷೆ ಕೊಟ್ಟು ಪಡೆದದ್ದು, ತಪ್ಪದೆ ನವೀಕರಿಸಿಕೊಂಡು ಬಂದದ್ದು. ಅದಕ್ಕೆ ಗಾಜು ಹಾಕಿಸಿ ಒಲೆಯ ಮೇಲಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದ. ಒಗ್ಗರಣೆಯ ಹೊಗೆ ಕುಡಿದೂ ಕುಡಿದೂ ಫೋಟೋದಲ್ಲಿದ್ದ ಅವನ ಮೀಸೆ ಅವನಿಗಿಂತ ಮೊದಲೇ ಮುದಿಯಾಯಿತು. ದೋಣಿಯ ಸ್ಟೇರಿಂಗ್ ಚಕ್ರ ಹಿಡಿಯುವ ಯೋಗ ಮಾತ್ರ ಬರಲಿಲ್ಲ. ಚಕ್ರದ ಮುಂದಿನ ಕುರ್ಚಿಯಲ್ಲಿ ಹಳೇ ಡ್ರೈವರು ಬೇರುಬಿಟ್ಟು ಕೂತಿದ್ದ. “ಸ್ವಲ್ಪ ನಿಧಾನ ಹೋಗಣ್ಣ, ನೀರು ಎರಚಿ ಕಲೆ ಆಗತ್ತೆ” ಎಂದು ಕನ್ನಡಿ ಅಂಗಲಾಚಿದರೆ ಡ್ರೈವರು ತಿರುಗಿಯೂ ನೋಡದೆ, “ಕಲೆ ನೋಡೋದು ಒರೆಸೋನ ಕೆಲಸ, ದಾರಿ ನೋಡೋದು ನನ್ನ ಕೆಲಸ” ಎನ್ನುತ್ತಿದ್ದ.

ದೋಣಿಯೆಂದರೆ ಸಾಮಾನ್ಯದ್ದಲ್ಲ. ಅಲ್ಯೂಮಿನಿಯಮ್ಮಿನ ಎರಡು ಉದ್ದುದ್ದ ಕೊಳವೆಗಳು ತೇಲುತ್ತವೆ, ಅವುಗಳ ಮೇಲೆ ಅಗಲವಾದ ನೆಲ, ಸುತ್ತ ಕಟಕಟೆ, ಸೋಫಾ, ಮೇಲೆ ಬಟ್ಟೆಯ ಚಾವಣಿ. ಯಾರದೋ ಮನೆಯ ಪಡಸಾಲೆ ಜಗಳಾಡಿಕೊಂಡು ಬಂದು ಸರೋವರಕ್ಕೆ ಇಳಿದಂತೆ ಕಾಣುತ್ತಿತ್ತು. ಭಾನುವಾರ ಜನ ಅದರಲ್ಲಿ ಕೂತು ವಿಹಾರ ಹೋಗುತ್ತಿದ್ದರು. ಸೋಮವಾರ ಅದನ್ನು ಚಕ್ರದ ಗಾಡಿಯ ಮೇಲೆ ದಡಕ್ಕೆ ಎಳೆಯಲಾಗುತ್ತಿತ್ತು; ಅಲ್ಲಿಂದ ಮುಂದೆ ಅದು ಕನ್ನಡಿಯ ಸೊತ್ತು.

ಅವನ ಪದ್ಧತಿ ಹೀಗಿತ್ತು. ವಿನೆಗರಿಗೆ ನೀರು ಬೆರೆಸಿ ಸ್ಪಂಜಿನಿಂದ ಮಗುವಿನ ಬೆನ್ನು ಉಜ್ಜಿದಂತೆ ಉಜ್ಜುವುದು. ತಂತಿಯ ಬ್ರಶ್ಶನ್ನು ಹತ್ತಿರಕ್ಕೂ ಸೇರಿಸದಿರುವುದು. ಕೊನೆಗೆ ಶೆಡ್ಡಿನ ಬೋರ್‌ವೆಲ್ ನಲ್ಲಿಗೆ ಪೈಪು ಸಿಕ್ಕಿಸಿ ಧಾರಾಳವಾಗಿ ನೀರು ಹೊಡೆಯುವುದು, ಮತ್ತು ಹಾಗೇ ಬಿಸಿಲಿಗೆ ಬಿಡುವುದು. ಬಟ್ಟೆ ಮುಟ್ಟಿಸಿದರೆ ಗೀರು ಬೀಳುತ್ತದೆಂದು ಅವನ ವಾದ.

“ರಾಜಮಹಾರಾಜರಿಗೂ ಇಂಥ ಟವಲು ಸಿಕ್ಕಿಲ್ಲ. ಸೂರ್ಯ! ಒಗೀಬೇಕಾಗಿಲ್ಲ, ಒಣಗಿಸ್ಬೇಕಾಗಿಲ್ಲ.”

ಮಧ್ಯಾಹ್ನದ ಹೊತ್ತಿಗೆ ಕೊಳವೆಗಳ ಮೇಲೆ ಮತ್ತೆ ಬಿಳೀ ಚುಕ್ಕೆಗಳು ಏಳುತ್ತಿದ್ದವು. ಅದಕ್ಕೂ ಅವನಲ್ಲಿ ವಿವರಣೆ ಇತ್ತು: ಸರೋವರದ ಉಪ್ಪು ಲೋಹದೊಳಕ್ಕೆ ಇಳಿದಿರುತ್ತದೆ, ಬಿಸಿಲಿಗೆ ದೋಣಿ ಬೆವರುತ್ತದೆ. ಕುಣಿಯಲಾರದವಳು ನೆಲ ಡೊಂಕೆಂದಂತೆ ಎಲ್ಲ ತಪ್ಪೂ ಸರೋವರದ ತಲೆಗೆ. ಅದು ಬಾಯಿಲ್ಲದ ಪ್ರಾಣಿ, ಹೊತ್ತುಕೊಂಡಿತ್ತು.

ಹೀಗಿರುವಾಗ ಹಳೇ ಡ್ರೈವರು ಕಣ್ಣಿನ ಆಪರೇಷನ್ನಿಗೆ ರಜೆ ಹಾಕಿದ. ಕನ್ನಡಿ ಅಂಗಿಯ ಗುಂಡಿ ಹಾಕಿಕೊಂಡು ದೋಣಿಯ ಯಜಮಾನಿಯ ಮುಂದೆ ನಿಂತ.

“ಅಮ್ಮಾ, ಈ ಭಾನುವಾರ ಚಕ್ರ ನಾನು ಹಿಡೀತೀನಿ. ಲೈಸೆನ್ಸ್ ಇದೆ.”

ಯಜಮಾನಿ ಕನ್ನಡಕದ ಮೇಲಿಂದ ನೋಡಿದರು. “ಹೋದ ವಾರ ಬಂದೋರು ಏನಂದ್ರು ಗೊತ್ತಾ? ದೋಣಿಗೆ ಸಿಡುಬು ಬಂದಿದ್ಯಾ ಅಂತ ಕೇಳಿದ್ರು. ತೊಳೆಯೋ ದೋಣಿಯ ಮೈ ನೆಟ್ಟಗಿಟ್ಕೊಳ್ಳಕ್ಕೆ ಬರಲ್ಲ, ನಿನ್ನ ಕೈಗೆ ಜನರ ಜೀವ ಕೊಡ್ಲಾ? ಭಾನುವಾರ ಬೆಳಿಗ್ಗೆ ಬಂದು ನೋಡ್ತೀನಿ. ಒಂದೇ ಒಂದು ಚುಕ್ಕೆ ಕಂಡ್ರೂ ಆಚೆ ದಡದ ಡ್ರೈವರ್ರನ್ನ ಕರೆಸ್ತೀನಿ.”

ಅಂದಿನಿಂದ ಕನ್ನಡಿ ದೋಣಿ ತೊಳೆದದ್ದೇ ತೊಳೆದದ್ದು. ಅವನು ಸುರಿದ ನೀರು ಕೂಡಿಟ್ಟಿದ್ದರೆ ಪಕ್ಕದಲ್ಲಿ ಇನ್ನೊಂದು ಸರೋವರವಾಗಿ ಅದಕ್ಕೂ ಒಂದು ದೋಣಿ ಬೇಕಾಗುತ್ತಿತ್ತು. ಬೆಳಿಗ್ಗೆ ತೊಳೆದ, ಮಧ್ಯಾಹ್ನ ಚುಕ್ಕೆ. ಮಧ್ಯಾಹ್ನ ತೊಳೆದ, ಸಂಜೆ ಚುಕ್ಕೆ. ತೊಳೆದಷ್ಟೂ ಚುಕ್ಕೆಯ ಸಂತಾನ ಬೆಳೆಯಿತು. ಕೈಗೆ ಬಂದ ತುತ್ತು ಬಾಯಿಗಿಲ್ಲವೆಂದು ಅವನು ಗಾಡಿಯ ಚಕ್ರಕ್ಕೆ ಒರಗಿ ಕೂತಿದ್ದಾಗ ಹೆಂಡತಿ ಊಟದ ಡಬ್ಬಿ ತಂದಳು. ಅವಳು ದಡದ ಕ್ಯಾಂಟೀನಿನಲ್ಲಿ ಗಾಜಿನ ಲೋಟ ತೊಳೆಯುವವಳು. ಮಾತು ಕಡಿಮೆ, ಗಂಡನೇ ಇಬ್ಬರ ಪಾಲಿನದೂ ಆಡಿ ಮುಗಿಸುತ್ತಿದ್ದ.

ಕೊಳವೆಯ ಮೇಲೆ ಬೆರಳಾಡಿಸಿ ಅವಳೆಂದಳು, “ರೀ, ಇದು ಬೆವರೂ ಅಲ್ಲ ಮಣ್ಣೂ ಅಲ್ಲ. ನಲ್ಲಿ ನೀರು. ಲೋಟ ಒರೆಸದೆ ಬಿಟ್ರೆ ನಮ್ಮಲ್ಲೂ ಹೀಗೇ ಆಗತ್ತೆ.”

“ಲೋಟಕ್ಕೂ ದೋಣಿಗೂ ಎಲ್ಲಿಂದೆಲ್ಲಿಗೆ ಸಂಬಂಧ ಕಣೇ?”

“ಎರಡನ್ನೂ ನೀರಲ್ಲೇ ತೊಳೀತೀವಲ್ಲ. ಮನೇಲಿ ನೀರು ಕಾಯಿಸೋ ಪಾತ್ರೆ ತಳದಲ್ಲಿ ಬಿಳೀ ಹಕ್ಕಳೆ ಕಟ್ಟಿದೆ, ನೋಡಿಲ್ವಾ? ಅಲ್ಲಿಗೂ ಸರೋವರ ಬಂದಿತ್ತಾ?”

ಅವಳ ಬಾಯಿ ಮುಚ್ಚಿಸಲೆಂದೇ ಅವನು ಪಂದ್ಯ ಕಟ್ಟಿದ. ಎಡಗಡೆಯ ಕೊಳವೆ ಅವನದು, ತೊಳೆದು ಬಿಸಿಲಿಗೆ ಬಿಡುವುದು. ಬಲಗಡೆಯದು ಅವಳದು. ಅವಳು ಹಿಂದೆ ಮುಂದೆ ನೋಡದೆ, ಅವನು ಒಣಹಾಕಿದ್ದ ಬನಿಯನ್ನನ್ನೇ ತೆಗೆದುಕೊಂಡು, ನೀರು ಆರುವ ಮೊದಲೇ ಈ ತುದಿಯಿಂದ ಆ ತುದಿಯವರೆಗೆ ಒರೆಸಿ, ಕ್ಯಾಂಟೀನಿಗೆ ಹೋದಳು.

ಸಂಜೆ ಎಡಗೊಳವೆಗೆ ಸಿಡುಬು. ಬಲಗೊಳವೆಯಲ್ಲಿ ಆಕಾಶ ಕಾಣುತ್ತಿತ್ತು, ಗೀರೊಂದೂ ಇರಲಿಲ್ಲ. ಕನ್ನಡಿ ದೋಣಿಗೆ ಸುತ್ತು ಬಂದ. ಬಗ್ಗಿ ನೋಡಿದ, ಎದ್ದು ನೋಡಿದ.

“ಬಲಗಡೇದು ಮೊದಲಿಂದಲೂ ಒಳ್ಳೇ ಕೊಳವೆ ಕಣೇ,” ಎಂದ, ಕೆಲಸ ಮುಗಿಸಿ ಬಂದ ಹೆಂಡತಿಗೆ.

“ಹಾಗಾದ್ರೆ ನಾಳೆ ಅದಲು ಬದಲು,” ಎಂದಳು.

ಮರುದಿನ ಒಳ್ಳೇ ಕೊಳವೆ ಕೆಟ್ಟಿತು, ಕೆಟ್ಟದ್ದು ಒಳ್ಳೆಯದಾಯಿತು. ಕನ್ನಡಿ ತಲೆಯೆತ್ತಿ ಸೂರ್ಯನನ್ನು, ಇಷ್ಟು ವರ್ಷ ನಂಬಿದ ಗೆಳೆಯ ಕೈಕೊಟ್ಟಾಗ ನೋಡುವಂತೆ ನೋಡಿದ. ಅವನು ಮಾತಾಡದೆ ಇದ್ದದ್ದು ಕಂಡು ಹೆಂಡತಿ ಗಾಬರಿಯಾಗಿ ಹಣೆ ಮುಟ್ಟಿ ನೋಡಿದಳು.

ಶನಿವಾರ ನೆರಳು ಬೀಳುವವರೆಗೆ ಕಾದು, ಹಳೆಯ ಚುಕ್ಕೆಗಳನ್ನೆಲ್ಲ ವಿನೆಗರಿನಿಂದ ಕಳೆದು, ನೀರು ಹೊಡೆದು, ಒಂದು ಹನಿಯೂ ಆರಲು ಬಿಡದೆ ಒರೆಸಿದ. ಬನಿಯನ್ನು ಸಾಲದೆ ಬೆಡ್‌ಶೀಟು ತಂದ, ಅದೂ ಸಾಲದೆ ಮೈಮೇಲಿನ ಅಂಗಿ ಬಿಚ್ಚಿದ. ಲೈಸೆನ್ಸನ್ನೂ ಗೋಡೆಯಿಂದ ಇಳಿಸಿ ಒರೆಸಿದ; ಮೀಸೆಗೆ ಮತ್ತೆ ಪ್ರಾಯ ಬಂತು.

ಭಾನುವಾರ ಯಜಮಾನಿ ಬಂದು ಎರಡು ಕೊಳವೆಗಳನ್ನೂ ಬಗ್ಗಿ ಬಗ್ಗಿ ನೋಡಿದರು. ಬಲಗೊಳವೆಯಲ್ಲಿ ತಮ್ಮ ತಲೆಗೂದಲು ಕೆದರಿದ್ದು ಕಂಡು ಸರಿಮಾಡಿಕೊಂಡರು.

“ಸರಿ, ಹತ್ತು,” ಎಂದರು.

ದೋಣಿಯನ್ನು ನೀರಿಗಿಳಿಸಿ ಕನ್ನಡಿ ಚಕ್ರದ ಮುಂದೆ ಕೂತ. ಬೆನ್ನು ಎಷ್ಟು ನೆಟ್ಟಗಾಯಿತೆಂದರೆ ಬಟ್ಟೆಯ ಚಾವಣಿ ಒಂದು ಗೇಣು ಮೇಲೆದ್ದಿತು. ಹಿಂದಿನ ಸೋಫಾದಲ್ಲಿ ಯಜಮಾನಿ, ಅವರ ಪಕ್ಕ ರಜೆ ಹಾಕಿ ಬಂದ ಹೆಂಡತಿ, ಸುತ್ತ ವಿಹಾರಕ್ಕೆ ಬಂದ ಜನ. ದೋಣಿ ದಡ ಬಿಟ್ಟಿತು. ನೀರು ಸೀಳಿಕೊಂಡು, ಹಳೇ ಡ್ರೈವರಿಗಿಂತ ತುಸು ಜೋರಾಗಿಯೇ ಹೋಯಿತು. ಅಷ್ಟರಲ್ಲಿ ಹೆಂಡತಿ, ಯಜಮಾನಿ ಕೇಳಿದರೆಂದು, ಬನಿಯನ್ನಿನ ಕತೆಯನ್ನೆಲ್ಲ ಅವರಿಗೆ ಹೇಳಿಬಿಟ್ಟಿದ್ದಳು.

“ಅಲ್ಲಯ್ಯಾ ಕನ್ನಡಿ!” ಯಜಮಾನಿ ಹಿಂದಿನಿಂದ ಕೂಗಿದರು. “ಇಷ್ಟು ವರ್ಷ ನನ್ನ ದೋಣಿಗೆ ಚುಕ್ಕೆ ಇಟ್ಟಿದ್ದು ನೀನೇ ಅಂತಲ್ಲೋ!”

ಕನ್ನಡಿ ತಿರುಗಿಯೂ ನೋಡಲಿಲ್ಲ.

“ಚುಕ್ಕೆ ವಿಚಾರ ಒರೆಸೋನು ಸಿಕ್ಕಾಗ ಕೇಳಿ, ಅಮ್ಮಾ. ನಾನು ದಾರಿ ನೋಡ್ಬೇಕು.”