ಶೀಕರಣಿ ಉಂಡು ನೋಡಿದ ಗ್ರೀಕ್ ಸಿನಿಮಾ

ದಿಗಂಬರ ಹಂಚಿನಾಳ ಸಿನಿಮಾದ ಪಾಲಾದದ್ದು ಬಿಸಿಲಿನ ದೆಸೆಯಿಂದ. ಭೀಮಾತೀರದ ಇಂಡಿ ಊರಿನಿಂದ ಪುಣೆಗೆ ಬಂದು ಭವಾನಿ ಪೇಠೆಯ ಪೈಪು-ನಳದ ಅಂಗಡಿಯಲ್ಲಿ ಗುಮಾಸ್ತನಾಗಿ ಸೇರಿದ ಹೊಸದು. ಒಂದು ಮಧ್ಯಾಹ್ನ ನಳದ ನಮೂನೆ ತೋರಿಸಲೆಂದು ಪ್ರಭಾತ ರಸ್ತೆಯ ಕಡೆ ಹೋದರೆ, ಗಿರಾಕಿಯ ಬಾಗಿಲಿನಲ್ಲಿ ಪುಣೇರಿ ಫಲಕ: ‘ಒಂದರಿಂದ ನಾಲ್ಕು ವಿಶ್ರಾಂತಿ. ಬೆಲ್ ಒತ್ತುವವರು ತಮ್ಮ ಜವಾಬ್ದಾರಿಯ ಮೇಲೆ ಒತ್ತಬೇಕು.’ ಅಷ್ಟು ಜವಾಬ್ದಾರಿ ಹೊರಲಾರದೆ ನೆರಳು ಹುಡುಕುತ್ತ ಅವನು ಹತ್ತಿರದ ಒಂದು ತೆರೆದ ಬಾಗಿಲು ಹೊಕ್ಕ. ಒಳಗೆ ಕತ್ತಲೆ, ತಂಪು. ಪರದೆಯ ಮೇಲೆ ಯಾವುದೋ ದೇಶದ ಮುದುಕಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಹಾಕಿದಳು, ಹಾಕಿದಳು, ಹಾಕಿಯೇ ಹಾಕಿದಳು. ನಾಲ್ಕು ಗಂಟೆಗೆ ಹೊರಬಿದ್ದವನು ಬೇರೆಯೇ ಮನುಷ್ಯ.

ಅಂದಿನಿಂದ ಅವನು ಪರದೇಶದ ಸಿನಿಮಾಗಳ ದಾಸಾನುದಾಸ. ಮಾತು ಕಡಿಮೆಯಾದಷ್ಟೂ ಒಳ್ಳೆಯದು. ಕತೆಯೇ ಇಲ್ಲದಿದ್ದರೆ ಪರಮಾನ್ನ. ಆದರೆ ಒಬ್ಬನೇ ಕೂತು ಭಜನೆ ಮಾಡಲಾದೀತೇ? ಸಿನಿಮಾ ಮುಗಿದ ಮೇಲೆ ಪಕ್ಕದಲ್ಲಿ ನಡೆಯುತ್ತ ‘ಅಲ್ರಿ, ಆಕಿ ಕಡೀಕ ಯಾಕ ನಕ್ಳು?’ ಎಂದು ಕೇಳುವ ಒಂದು ಜೀವ ಅವನಿಗೆ ಬೇಕಾಗಿತ್ತು. ಒಂದೇ ಒಂದು. ಅಂಗಡಿಯಲ್ಲಿ ಸಿಗಲಿಲ್ಲ. ಮನೆಯಲ್ಲಿ ಹೆಂಡತಿ ದುರ್ಗಾ ಪ್ರತಿ ಸಿನಿಮಾಕ್ಕೂ ಜೊತೆಗೆ ಬಂದು, ಸುಮ್ಮನೆ ಕೂತು, ಸುಮ್ಮನೆ ಎದ್ದು ಬರುತ್ತಿದ್ದಳು; ಅದನ್ನು ಅವನು ಪತಿಭಕ್ತಿಯ ಲೆಕ್ಕಕ್ಕೆ ಹಾಕಿಕೊಂಡಿದ್ದ. ಕೊನೆಗೆ ಸಹಕಾರನಗರದ ಭೀಮಾತೀರ ಕನ್ನಡ ಬಳಗದಲ್ಲಿ ಚಿತ್ರ ವಿಭಾಗವೊಂದನ್ನು ಸ್ಥಾಪಿಸಿ, ತನ್ನನ್ನು ತಾನೇ ಸಂಚಾಲಕನನ್ನಾಗಿ ನೇಮಿಸಿಕೊಂಡು, ತಿಂಗಳಿಗೊಂದು ಭಾನುವಾರ ದಂಡಯಾತ್ರೆ ಹೊರಟ.

ಆ ಯಾತ್ರೆಯ ಸೋಲುಗಳನ್ನು ವೀರಗಲ್ಲಿನಲ್ಲೇ ಕೆತ್ತಿಸಬೇಕು. ಪೋಲೆಂಡಿನ ಸಿನಿಮಾ ನಡೆಯುವಾಗ ಬಳಗದ ಹಿರಿಯರಿಬ್ಬರು ಹಿಂದಿನ ಸಾಲಿನಲ್ಲಿ ಸೊಲ್ಲಾಪುರದ ಸೈಟೊಂದರ ವ್ಯವಹಾರ ಕುದುರಿಸಿದರು. ಫಿನ್ಲೆಂಡಿನ ಸಿನಿಮಾದಲ್ಲಿ ಹಿಮ ಬೀಳಲು ಶುರುವಾದದ್ದೇ ತಡ, ಹೆಂಗಸರು ಒಬ್ಬೊಬ್ಬರಾಗಿ ಎದ್ದು ಉಪ್ಪಿಟ್ಟಿನ ಉಸ್ತುವಾರಿಗೆ ಹೋದರು, ಅವರ ಹಿಂದೆ ಗಂಡಸರು ಹೋದರು. ಹಿಮ ನಿಂತಾಗ ಬಳಗದ ಹಾಲ್‌ನಲ್ಲಿ ಉಳಿದದ್ದು ದಿಗಂಬರ, ದುರ್ಗಾ ಮತ್ತು ಯಾರೋ ಮರೆತುಹೋದ ಸ್ವೆಟರು.

ಬಳಗದ ಅಧ್ಯಕ್ಷ ಗುರಣ್ಣ ಮಾರ್ಕೆಟ್ ಯಾರ್ಡಿನ ಬೆಲ್ಲದ ವ್ಯಾಪಾರಿ. ಮಾತು ಮಾತ್ರ ಬ್ಯಾಡಗಿ ಮೆಣಸಿನಕಾಯಿ.

“ದಿಗಂಬರ, ಮುಂದಿನ ಸಿನಿಮಾ ಯಾವ ದೇಶದ್ದಪಾ?”

“ಗ್ರೀಕರದು, ಗುರಣ್ಣಾರ. ಭಾಳ ದೊಡ್ಡ ಸಿನಿಮಾ. ಯುರೋಪಿನ್ಯಾಗ ಅರ್ಧ ಮಂದಿ ಎದ್ದು ನಿಂತು ಚಪ್ಪಾಳಿ ಹೊಡದಾರ.”

“ಉಳದರ್ಧ?”

“ಅವ್ರೂ ಎದ್ದಾರ್ರಿ. ಎದ್ದು… ಬೈಕೋತ ಹೊರಗ ಹೋಗ್ಯಾರ.”

“ಅಂದ್ರ ಕುಂತವ್ರ ಒಬ್ರೂ ಇಲ್ಲ! ಕೇಳ ತಮ್ಮಾ, ಈ ಸಲ ಮಂದಿ ಎದ್ದು ಹೋದ್ರ ನಿನ್ನ ವಿಭಾಗ ಬಂದ್. ಹಾಲ್ ಝುಂಬಾದವ್ರಿಗೆ. ಆ ಹೆಣ್ಮಕ್ಕಳು ಕುಣೀತಾರ ಖರೆ, ಆದ್ರ ನಡುವ ಎದ್ದು ಹೋಗೂದಿಲ್ಲ.”

ಆ ಸಿನಿಮಾದ ಹೆಸರನ್ನು ಉಚ್ಚರಿಸಬಲ್ಲ ನಾಲಿಗೆ ಬಳಗದಲ್ಲಿರಲಿಲ್ಲವಾಗಿ ದಿಗಂಬರ ಅದಕ್ಕೆ ‘ಬೆನ್ನು’ ಎಂದು ಹೆಸರಿಟ್ಟಿದ್ದ. ಒಂದು ದ್ವೀಪ, ಒಂದು ಮನೆ. ಆ ಮನೆಯವರು ದಿನಾ ಮೇಜಿಗೆ ಬೆನ್ನು ಹಾಕಿ, ಒಬ್ಬರ ಮುಖ ಒಬ್ಬರು ನೋಡದೆ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಾರೆ. ಯಾಕೆಂದು ಯಾರೂ ಹೇಳುವುದಿಲ್ಲ. ಒಂದು ದಿನ ಮನೆಯೊಡತಿ ಊಟದ ನಡುವೆ ಎದ್ದು, ಬೂಟು ಹಾಕಿಕೊಂಡೇ ಸಮುದ್ರಕ್ಕೆ ಇಳಿಯುತ್ತಾಳೆ. ಗಂಡ ಅಗಿಯುತ್ತಲೇ ಇರುತ್ತಾನೆ. ಆಮೇಲೆ ಬಹಳ ಹೊತ್ತು ಅಗಿಯುವ ಸದ್ದು, ಅಷ್ಟೇ. ಇದನ್ನು ಮೊದಲ ಸಲ ನೋಡಿದಾಗ ದಿಗಂಬರನಿಗೆ ಎರಡು ದಿನ ಅನ್ನ ಸೇರಲಿಲ್ಲ. ಹೀಗಾಗಿ ಪರಮಾನಂದವಾಯಿತು.

ಸೋತು ಸೋತು ಹಣ್ಣಾದ ಸೇನಾಪತಿಗೆ ಮಾತ್ರ ಹೊಳೆಯಬಹುದಾದ ವ್ಯೂಹ ಅವನಿಗೆ ಹೊಳೆಯಿತು. ಸಿನಿಮಾದ ನಂತರ ಊಟವಿದ್ದರೆ ತಾನೇ ಜನ ಅಡುಗೆಮನೆಗೆ ಓಡುವುದು? ಮೊದಲು ಊಟ, ಆಮೇಲೆ ಸಿನಿಮಾ! ಮೇ ತಿಂಗಳು, ಮಟಮಟ ಮಧ್ಯಾಹ್ನ, ಪುರಿ-ಶೀಕರಣಿ. ಮಾವಿನ ರಸಕ್ಕೆ ಧಾರಾಳವಾಗಿ ಹಾಲು, ತುಪ್ಪ, ಜಾಯಿಕಾಯಿ ಬೀಳಿಸಿದ. ಬಡಿಸುವವರಿಗೆ “ಬ್ಯಾಡ ಅಂದವ್ರಿಗೆ ಎರಡು ಸಲ ನೀಡ್ರಿ” ಎಂದು ಅಪ್ಪಣೆ ಕೊಟ್ಟ. ಹೊಟ್ಟೆ ಬಿರಿಯೆ ಉಂಡವರು ಎದ್ದು ಹೋಗಲಾರರು ಎಂಬಲ್ಲಿಗೆ ಅವನ ಬುದ್ಧಿ ನಿಂತಿತು. ಅವರು ಎಚ್ಚರವೂ ಇರಲಾರರೆಂಬುದು ಇಷ್ಟು ವರ್ಷ ಪುಣೆಯ ಮಧ್ಯಾಹ್ನಗಳನ್ನು ಕಂಡವನಿಗೆ ಹೊಳೆಯಲಿಲ್ಲ.

ಪರದೆಯ ಮೇಲೆ ದ್ವೀಪ ಮೂಡುವ ಮೊದಲೇ ಗುರಣ್ಣ ಕುರ್ಚಿಯಲ್ಲಿ ಶರಶಯ್ಯೆ ಸೇರಿದರು. ಅಲ್ಲಿಂದ ಸಾಲು ಸಾಲಾಗಿ ತಲೆಗಳು ಎದೆಯ ಮೇಲೆ ಉರುಳಿದವು. ಬಳಗದ ಮಾಸಪತ್ರಿಕೆಯ ವಿಮರ್ಶಕ ಮಧ್ವೇಶಾಚಾರ್ಯರು ಮೊದಲ ಸಾಲಿನಲ್ಲಿ ಗಲ್ಲಕ್ಕೆ ಕೈಕೊಟ್ಟು ಚಿಂತನಶೀಲವಾಗಿ ಗೊರಕೆ ಹೊಡೆದರು. ಹಿಂದೆ ಪ್ರೊಜೆಕ್ಟರಿನ ಬಳಿ ನಿಂತಿದ್ದ ದಿಗಂಬರನಿಗೆ ಹೆಣ ಬಿದ್ದ ಕುರುಕ್ಷೇತ್ರ ಕಂಡಿತು. ದುರ್ಗಾಳ ತಲೆಯೊಂದೇ ನೆಟ್ಟಗಿತ್ತು. ಆಕೆ ಬಸ್ಸಿನಲ್ಲೂ ನೆಟ್ಟಗೆ ಕೂತೇ ನಿದ್ದೆ ಮಾಡುವವಳು.

ದೀಪ ಹತ್ತಿದಾಗ ಎಲ್ಲರೂ ಬೆಚ್ಚಿ ಎದ್ದು, ತಪ್ಪಿತಸ್ಥರ ಉತ್ಸಾಹದಿಂದ ಚಪ್ಪಾಳೆ ತಟ್ಟಿದರು.

“ಏನ್ ಸಿನಿಮಾ ತಮ್ಮಾ!” ಗುರಣ್ಣ ಬಾಯಿ ಒರೆಸಿಕೊಂಡರು. “ಮೈಯೆಲ್ಲಾ ಹಗರ ಆತು ನೋಡು.”

“ಆಕಿ ಸಮುದ್ರದಾಗ ಯಾಕ ಇಳದ್ಲು ಅನಸ್ತದ್ರಿ ನಿಮಗ?” ದಿಗಂಬರ ಆಸೆಯಿಂದ ಕೇಳಿದ.

“ಇಳೀಲಾರದ ಏನ್ ಮಾಡ್ತಾಳಪಾ? ಎಂಥಾ ಸೆಖಿ ಅದ!”

ಆಚಾರ್ಯರ ವಿಮರ್ಶೆ ಬಂತು: ‘ಗ್ರೀಕ್ ಮೌನವು ಪ್ರೇಕ್ಷಕರನ್ನು ಸಮಾಧಿ ಸ್ಥಿತಿಗೆ ಒಯ್ದಿತು. ಒಬ್ಬರೂ ಮಿಸುಕಲಿಲ್ಲ.’ ಅದರಲ್ಲಿ ಸುಳ್ಳಿನ ಒಂದಕ್ಷರವೂ ಇರಲಿಲ್ಲ. ಖರಾಡಿಯ ಐಟಿ ಮಂದಿ ವಾರದ ಬಾಕಿ ನಿದ್ದೆ ತೀರಿಸಲು ಹೆಸರು ಬರೆಸಿದರು. ವರ್ಷವಿಡೀ ಮೊದಲು ಊಟ, ಆಮೇಲೆ ಸಿನಿಮಾ ಎಂದು ಸಮಿತಿ ಒಮ್ಮತದಿಂದ ಠರಾವು ಮಾಡಿತು. ದಿಗಂಬರ ಗೆದ್ದಿದ್ದ. ಬೈಕೊಂಡು ಎದ್ದು ಹೋದ ಯುರೋಪಿನ ಆ ಅರ್ಧ ಮಂದಿಯ ಬೆಲೆ ಅವನಿಗೆ ಆಗ ತಿಳಿಯಿತು. ಅವರಿಗೆ ಸಿನಿಮಾ ಸ್ವಲ್ಪವಾದರೂ ತಾಗಿತ್ತಲ್ಲ.

ಠರಾವಾದ ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ದುರ್ಗಾ ಹೇಳಿದಳು, “ಮುಂದಿನ ತಿಂಗಳಿಂದ ನಾ ಬರೂದಿಲ್ರಿ.”

“ಯಾಕ? ಹೋಳಿಗಿ ಊಟ ಅದ.”

“ಆ ಸಿನಿಮಾ ನೋಡಿನಿ ನಾ.”

“ಎಲ್ಲಾರೂ ನೋಡ್ಯಾರ ತಗೋ!”

“ಅವ್ರು ಮಲ್ಕೊಂಡಿದ್ರು. ನಾ ಪೂರ್ತಿ ನೋಡಿನಿ. ಆಕಿ ನೀರಿಗಿಳಿಯೂ ಮುಂದ ಬಾಯಾಗ ತುತ್ತು ಹಂಗ ಇತ್ತು. ನುಂಗ್ಲಿಲ್ಲ, ಉಗುಳ್ಲೂ ಇಲ್ಲ.”

ದಿಗಂಬರ ತಟ್ಟೆ ಬಿಟ್ಟು ಅವಳ ಕಡೆ ತಿರುಗಿದ. ಎಷ್ಟೋ ಸಲ ನೋಡಿದ ಅವನ ಕಣ್ಣಿಗೂ ಆ ತುತ್ತು ಬಿದ್ದಿರಲಿಲ್ಲ. ಊರೆಲ್ಲ ಹುಡುಕಿದ ಆ ಒಂದು ಜೀವ ತನ್ನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂತಿತ್ತು! ಅವನಿಗೆ ಕುಣಿಯಬೇಕೆನಿಸಿತು.

“ದುರ್ಗಾ! ಹಿಂದಿನವೂ ನೋಡೀಯೇನು?”

“ಒಂದೂ ಬಿಟ್ಟಿಲ್ಲ.”

“ಮತ್ತ ಇಷ್ಟು ವರ್ಷ ಒಂದ್ ಮಾತು ಆಡ್ಲಿಲ್ಲಲ್ಲ!”

“ನೀವು ಯಾವಾಗ ಕೇಳಿದ್ರಿ?”

ಅವನು ನೆನಪು ಮಾಡಿಕೊಳ್ಳಲು ನೋಡಿದ. ಗುರಣ್ಣನನ್ನು ಕೇಳಿದ್ದ, ಆಚಾರ್ಯರನ್ನು ಕೇಳಿದ್ದ, ಒಮ್ಮೆ ರಿಕ್ಷಾದವನನ್ನೂ ಕೇಳಿದ್ದ.

“ಈಗ ಕೇಳ್ತೀನಲ್ಲ. ಹೇಳು, ಆಕಿ ಯಾಕ ಇಳದ್ಲು?”

ದುರ್ಗಾ ಹಂಚಿನ ಮೇಲಿನ ರೊಟ್ಟಿ ತಿರುವಿದಳು. “ನನಗ ಗೊತ್ತದ ಯಾಕ ಇಳದ್ಲು ಅಂತ. ಭಾಳ ಚೊಲೊ ಗೊತ್ತದ. ಅದನ್ನ ನಿಮ್ಮ ಮುಂದ ಹೇಳಾಕ ಆಗೂದಿಲ್ಲ. ನಿಮ್ಮ ಸಿನಿಮಾ ಮಲ್ಕೊಳ್ಳೋರಿಗೆ ತೋರಸ್ರಿ. ಅವ್ರಿಗೇನೂ ಆಗೂದಿಲ್ಲ.”

ದಿಗಂಬರ ತಟ್ಟೆಗೆ ಕಣ್ಣು ನೆಟ್ಟು ಅಗಿಯತೊಡಗಿದ.

ಮುಂದಿನ ತಿಂಗಳು ಹಾಲ್ ಕಿಕ್ಕಿರಿಯಿತು. ಕುರ್ಚಿ ಸಾಲದೆ ಚಾಪೆ ಹಾಸಿದರು. ಚಾಪೆಗೇ ಹೆಚ್ಚು ನೂಕುನುಗ್ಗಲು. ಗುರಣ್ಣ ದಿಗಂಬರನಿಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಫ್ಯಾನಿನ ಗಾಳಿ ಜೋರಾಗಿದ್ದುದರಿಂದ ಆ ಶಾಲನ್ನು ಆಚಾರ್ಯರು ಇಸಿದುಕೊಂಡು ಕಿವಿಯವರೆಗೆ ಹೊದ್ದರು. ದೀಪ ಆರಿತು. ಸಿನಿಮಾ ಯಾವ ದೇಶದ್ದೆಂದು ಯಾರೂ ಕೇಳಲಿಲ್ಲ. ದಿಗಂಬರ ಕತ್ತಲಲ್ಲಿ ದುರ್ಗಾಳ ಕುರ್ಚಿಯ ಕಡೆ ನೋಡಿದ. ಯಾರೋ ಅದರ ಮೇಲೆ ಕಾಲು ಚಾಚಿ ಮಲಗಿದ್ದರು.