ಹೊಲಿಗೆ ಬಿಚ್ಚಿದ ಅರ್ಥಶಾಸ್ತ್ರ

ಮೊನ್ನೆ ಬೆಳಗ್ಗಿನ ಪಾಠದ ನಡುವೆ ಎದುರಿನ ಬೆಂಚಿನಲ್ಲಿ ಒಂದು ಮೊಬೈಲು ಬಡಕೊಂಡಿತು. ಕಸಿದುಕೊಂಡೆ. ಮಲ್ಲಿಗೆಯ ಪರಿಮಳ ಬಂತು. ಕವರಿನ ಸಂದಿಯಲ್ಲಿ ಬಾಳೆನಾರಿನ ಒಂದೆಳೆ ಸಿಕ್ಕಿಕೊಂಡಿತ್ತು. ಸಿಟ್ಟಿನಲ್ಲಿ ನಾನೇ "ಹಲೋ" ಅಂದೆ.

"ಅಕ್ಕಾ, ಎರಡು ಅಟ್ಟಿ ಮಲ್ಲಿಗೆ ಹೇಳಿದ್ದೆನಲ್ಲ, ಮದುಮಗಳು ತಲೆ ಬಾಚಿ ಕೂತಿದ್ದಾಳೆ. ಎಲ್ಲಿದ್ದೀರಿ?"

ನಲವತ್ತು ಮಕ್ಕಳು ನನ್ನ ಮುಖ ನೋಡುತ್ತಿದ್ದರು. ಎಂತ ಹೇಳುವುದು? ಕಾಪುವಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದೇನೆ ಅನ್ನುವುದಾ?

ಇದಕ್ಕೆಲ್ಲ ಮೂಲ ಕಾಲೇಜಿನವರು ನಮ್ಮ ಕೈಗೆ ಕೊಟ್ಟ ಟ್ಯಾಬು. ಕೊಡುವ ಮೊದಲು ಮಣಿಪಾಲದಲ್ಲಿ ಒಂದು ದಿನ ತರಬೇತಿ ಇತ್ತು. ಟೈ ಕಟ್ಟಿದ ಹುಡುಗನೊಬ್ಬ, "ಇನ್ನು ಪಾಠ ಮಾಡುವುದು ತುಂಬಾ ಸುಲಭ ಮೇಡಂ" ಅಂದಿದ್ದ. ಅಂದಿನಿಂದ ನನಗೆ ಸುಲಭ ಎನ್ನುವ ಶಬ್ದ ಕೇಳಿದರೆ ಮೈ ಉರಿಯುತ್ತದೆ. ಪ್ರೊಜೆಕ್ಟರಿಗೆ ಟ್ಯಾಬು ಕಾಣುವುದಿಲ್ಲ, ಟ್ಯಾಬಿಗೆ ವೈಫೈ ಕಾಣುವುದಿಲ್ಲ, ಎರಡೂ ಸರಿಯಾದ ದಿನ ಕರೆಂಟು ಇರುವುದಿಲ್ಲ. ಪರದೆಯಲ್ಲಿ ಒಂದು ಚಕ್ರ ಸುತ್ತುತ್ತದೆ. ಅದನ್ನು ನೋಡುತ್ತಾ ನಾನು ನಿಲ್ಲುತ್ತೇನೆ, ನನ್ನನ್ನು ನೋಡುತ್ತಾ ಮಕ್ಕಳು ಕೂರುತ್ತಾರೆ.

ಹಾಗಂತ ಪೂರ್ತಿ ಬೈದರೂ ತಪ್ಪಾಗುತ್ತದೆ. ಪಾಠ ಮುಗಿದ ಮೇಲೆ ಟ್ಯಾಬಿನ ಆಪ್‌ನಿಂದ ಐದು ಪ್ರಶ್ನೆ ಕಳಿಸಿದರೆ ಮಕ್ಕಳು ಮೊಬೈಲಿನಲ್ಲಿ ಉತ್ತರ ಒತ್ತುತ್ತಾರೆ, ಎಷ್ಟು ಜನರಿಗೆ ತಿಳಿಯಿತು ಎಂದು ಕೂಡಲೇ ಗೋಡೆಯ ಮೇಲೆ ಮೂಡುತ್ತದೆ. ಮೊದಲು "ಅರ್ಥವಾಯಿತಾ?" ಎಂದರೆ ಎಲ್ಲರೂ ತಲೆಯಾಡಿಸುತ್ತಿದ್ದರು, ನಾನು ಸಂತೋಷದಿಂದ ಮನೆಗೆ ಹೋಗುತ್ತಿದ್ದೆ. ಆ ಸಂತೋಷ ಈಗ ಇಲ್ಲ.

ಆದರೆ ಐದು ಪಾಠಗಳಿಂದ ಅಶ್ವಿನಿಯ ಹೆಸರಿನ ಮುಂದೆ ಬರೀ ಸೊನ್ನೆ. ಶಂಕರಪುರದ ಹುಡುಗಿ, ಎದುರಿನ ಬೆಂಚಿನಲ್ಲೇ ಕೂರುತ್ತಾಳೆ. ಈ ಅಂಕಗಳು ಇಂಟರ್ನಲ್‌ಗೆ ಸೇರುತ್ತವೆ. ಶನಿವಾರ ಪಟ್ಟಿ ಪ್ರಿನ್ಸಿಪಾಲರಿಗೆ ಹೋಗಬೇಕು. ಐದು ಸೊನ್ನೆ ಹೋದರೆ ಅವಳನ್ನು ಪರೀಕ್ಷೆಗೆ ಕೂರಿಸುವುದಿಲ್ಲ. ಬುಧವಾರ ನಾನು ಗದರಿಸಿದ್ದೆ: "ನಾಳೆ ಮೊಬೈಲು ಇಲ್ಲದಿದ್ದರೆ ಹೊರಗೆ ನಿಲ್ಲು." "ತರ್ತೇನೆ ಮೇಡಂ" ಅಂದಳು. ಯಾಕೆ ತರುವುದಿಲ್ಲ ಎಂದು ನಾನು ಕೇಳಲಿಲ್ಲ.

ಮೊನ್ನೆ ತಂದಿದ್ದಳು; ನನ್ನ ಕೈಯಲ್ಲಿದ್ದದ್ದು ಅದೇ. "ಮನೆಯಲ್ಲಿ ಇದೊಂದೇ ಮೇಡಂ" ಅಂದಳು ಮೆಲ್ಲಗೆ. "ಬೆಳಗ್ಗೆ ಅಮ್ಮನಿಗೆ ಬೇಕು, ಹೂವಿನವರು ಫೋನ್ ಮಾಡ್ತಾರೆ." ಮೊಬೈಲು ಅವಳ ಕೈಗೆ ಕೊಟ್ಟೆ. ಹೊರಗೆ ಹೋಗಿ ನೆರೆಮನೆಗೆ ಫೋನ್ ಮಾಡಿ ಅಮ್ಮನಿಗೆ ಸುದ್ದಿ ಮುಟ್ಟಿಸಿದಳು. ನಾನು ಹಲಗೆಯ ಕಡೆ ತಿರುಗಿ, ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಯಾಕೆಂದರೆ ಆ ಬಾಗಿಲಿನ ಹೊರಗೆ ನಾನೂ ನಿಂತವಳು. ಅಜೆಕಾರಿನಲ್ಲಿ ಬೀಡಿ ಕಟ್ಟುತ್ತಿದ್ದ ಹೆಂಗಸಿನ ಮಗಳು ನಾನು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಡಿಗ್ರಿ ಮಾಡಿದವರಿಲ್ಲ. ಇದನ್ನು ಅವಕಾಶ ಸಿಕ್ಕಿದಲ್ಲೆಲ್ಲ ಹೇಳುತ್ತೇನೆ, ನೀವು ಸಹಿಸಿಕೊಳ್ಳಬೇಕು. ಕಾರ್ಕಳದ ಕಾಲೇಜಿಗೆ ಹೋಗುವಾಗ ನಾನೂ ಗೆಳತಿ ಲವೀನಾಳೂ ಸೇರಿ ಅರ್ಥಶಾಸ್ತ್ರದ ಒಂದು ಪುಸ್ತಕ ತೆಗೆದುಕೊಂಡಿದ್ದೆವು. ಅದು ಯಾರ ಮನೆಯಲ್ಲಿರಬೇಕು ಎಂದು ದಿನಾ ಜಗಳ. ಒಂದು ಆದಿತ್ಯವಾರ ಇಗರ್ಜಿಯಿಂದ ಬಂದ ಅವಳ ಅಮ್ಮ ನಮ್ಮ ಗಲಾಟೆ ಕೇಳಿ, ಮೀನು ಕೊಯ್ಯುವ ಕತ್ತಿ ತಂದು ಪುಸ್ತಕದ ಹೊಲಿಗೆಯನ್ನು ನಡುವಿನಲ್ಲಿ ಕೊಯ್ದುಬಿಟ್ಟರು. "ಹೇಳಿ, ತಲೆ ಯಾರಿಗೆ, ಬಾಲ ಯಾರಿಗೆ?"

ತಲೆ ನನಗೆ ಬಂತು. ಬಾಲದ ಪಾಠಗಳನ್ನು ಲವೀನಾ ಬಸ್ಸಿನಲ್ಲಿ ನನಗೆ ಹೇಳಬೇಕು, ತಲೆಯದ್ದನ್ನು ನಾನು ಅವಳಿಗೆ. ನಾನು ತಡವರಿಸಿದರೆ ಅವಳು ಬಿಡುತ್ತಿರಲಿಲ್ಲ. "ನಿನಗೇ ಗೊತ್ತಿಲ್ಲ ಮಾರಾಯ್ತಿ, ನಾಳೆ ಓದಿಕೊಂಡು ಬಾ." ಹೀಗೆ ಮುಖಕ್ಕೆ ಹೇಳುವ ಆಪ್ ಇನ್ನೂ ಬರಲಿಲ್ಲ. ತರಗತಿಯಲ್ಲಿ ಮಾತ್ರ ನಮ್ಮ ಮೇಷ್ಟ್ರು ಅರ್ಧ ಪುಸ್ತಕ ನೋಡಿ, "ಪೂರ್ತಿ ಪುಸ್ತಕ ಇಲ್ಲದವರು ಹೊರಗೆ ನಿಲ್ಲಿ" ಅಂದಿದ್ದರು. ಆ ಮಾತನ್ನು ನಾನು ಮರೆತವಳಲ್ಲ. ಮರೆಯದೆಯೂ ಅದನ್ನೇ ಆಡಿದ್ದೆನಲ್ಲ, ಅದಕ್ಕೆ ನನ್ನ ಮೇಲೇ ಸಿಟ್ಟು.

ನಿನ್ನೆ ಟ್ಯಾಬನ್ನು ಮೇಜಿನ ಮೇಲಿಟ್ಟು, "ಒಂದು ಮೊಬೈಲಿಗೆ ಇಬ್ಬರು ಕೂರಿ. ಆಪ್ ಒಪ್ಪದಿದ್ದರೆ ನಾನು ಕೈಯಲ್ಲಿ ಬರೆದುಕೊಳ್ಳುತ್ತೇನೆ" ಅಂದೆ.

ಹಿಂದಿನ ಬೆಂಚಿನ ನಿಹಾಲ್ ಕೈ ಎತ್ತಿದ. "ಒಪ್ಪುತ್ತದೆ ಮೇಡಂ. ಗುಂಪು ಅಂತ ಒಂದು ಬಟನ್ ಉಂಟಲ್ಲ, ಮೊದಲಿಂದಲೂ ಉಂಟು."

"ಹೇಳಬಾರದಿತ್ತಾ?"

"ನೀವು ಕೇಳಲಿಲ್ಲ."

ಹಳೆಯ ಐದೂ ಪಾಠಗಳ ಪ್ರಶ್ನೆಗಳನ್ನು ಇಡೀ ತರಗತಿಗೆ ಮತ್ತೆ ಕಳಿಸಿದೆ. ಮೊದಲು ಪಿಸುಮಾತು, ಆಮೇಲೆ ತುಳುವಿನಲ್ಲಿ ಜೋರು ಜಗಳ. ಬೆಲೆ ಏರಿದರೂ ಜನ ಕೊಳ್ಳುವುದನ್ನು ಬಿಡದ ವಸ್ತು ಯಾವುದು ಎಂಬ ಪ್ರಶ್ನೆಗೆ ಅಶ್ವಿನಿಯ ಜೊತೆಗಾತಿ ಉಪ್ಪು ಎಂದು ಒತ್ತಲು ಹೋದರೆ, ಇವಳು ಅವಳ ಬೆರಳು ಹಿಡಿದುಕೊಂಡಳು.

"ಉಪ್ಪು ಸರಿ. ಆದರೆ ಮದುವೆ ದಿವಸ ಮಲ್ಲಿಗೆಯೂ ಹಾಗೇ ಅಲ್ವಾ? ರೇಟು ಕೇಳಿ ಬೈತಾರೆ, ಬೇಡ ಅಂದವರನ್ನು ನಾನು ಕಾಣಲಿಲ್ಲ."

ಪ್ರಿನ್ಸಿಪಾಲರು ಬಾಗಿಲಲ್ಲಿ ಇಣುಕಿದರು. "ಎಂತ ಮೇಡಂ, ಇವತ್ತು ಪಾಠ ಇಲ್ವಾ?"

"ಉಂಟು ಸಾರ್. ನಾನು ಮಾಡ್ತಾ ಇಲ್ಲ, ಅಷ್ಟೇ."

ಇಂದು ಶನಿವಾರ. ಪಟ್ಟಿ ಕಳಿಸಿದೆ; ಅಶ್ವಿನಿಯ ಸೊನ್ನೆಗಳು ಅದರಲ್ಲಿಲ್ಲ, ಅವಳು ಪರೀಕ್ಷೆಗೆ ಕೂರುತ್ತಾಳೆ. ಕಳಿಸುವ ಮೊದಲು ಟ್ಯಾಬು ಎಂದಿನ ಹಾಗೆ ಚಕ್ರ ಸುತ್ತಿಸಿ ನನ್ನ ಅರ್ಧ ಗಂಟೆ ತಿಂದಿತು. ಅದರ ಮೇಲಿನ ಸಿಟ್ಟು ಇಳಿದಿಲ್ಲ, ಇಳಿಸುವ ಯೋಚನೆಯೂ ಇಲ್ಲ. ಕಾಯುವಾಗ ಕಪಾಟಿನಿಂದ ನನ್ನ ಅರ್ಧ ಪುಸ್ತಕ ತೆಗೆದೆ. ಕೊನೆಯ ಪುಟದಲ್ಲಿ ವಾಕ್ಯ ನಡುವಿನಲ್ಲೇ ನಿಂತಿದೆ. ಬಾಲ ಇನ್ನೂ ಉಂಟಾ ಎಂದು ಲವೀನಾಳನ್ನು ಕೇಳಬೇಕು. ಇದ್ದರೆ ಎರಡನ್ನೂ ಒಂದು ದಿನ ತರಗತಿಗೆ ಒಯ್ಯುತ್ತೇನೆ, ಹೊಲಿಸದೆ.