ಸಣ್ಣ ಉರಿ

ಜಪಾನಿನಲ್ಲಿ ಝೆನ್ ಕಲಿತು ಬಂದ ನಮ್ಮ ಗುರುಗಳು ಬೆಟ್ಟದಪುರದಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ. ವರ್ಷಗಟ್ಟಲೆ ನನ್ನನ್ನು ಬೈದು, ಕೆಣಕಿ, ನಿದ್ದೆ ಕೆಡಿಸಿದವರು, ಧ್ಯಾನದಲ್ಲಿ ಏನೋ ತೆರೆದುಕೊಳ್ಳುವಂತಿದೆ ಎಂದು ನಾನು ಹೇಳಿದ ದಿನದಿಂದ ಸುಮ್ಮನಾಗಿಬಿಟ್ಟರು.

ಈ ಸಲ ರಜೆ ಹಾಕಿ ಅವರಲ್ಲಿಗೆ ಬಂದಿದ್ದೆ, ಮರುದಿನ ಅದು ಮುಗಿಯುವುದಿತ್ತು. ಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಒಲೆಯ ಮುಂದೆ ಕೂತಿದ್ದ ಗುರುಗಳನ್ನು ಕೇಳಿಯೇ ಬಿಟ್ಟೆ. "ಇನ್ನು ಕೂದಲೆಳೆಯಷ್ಟೇ ಬಾಕಿ ಅನ್ನಿಸುತ್ತೆ. ಒಂದು ಮಾತು ಹೇಳಿಬಿಡಿ."

"ಒಳಗೆ ನೋಡ್ರಿ," ಎಂದರು.

ಗೋಡೆಯ ಗಾಜಿನ ಕಿಂಡಿಯಲ್ಲಿ ಇಣುಕಿದೆ. ಎಲೆಗಳು ಹಳದಿಗೆ ತಿರುಗಿದ್ದವು, ನರದ ಪಕ್ಕ ಮಾತ್ರ ಹಸಿರು ಉಳಿದಿತ್ತು.

"ಈಗ ಉರಿ ಏರಿಸುದ್ರೆ ಆ ಹಸಿರು ಅಂಗೇ ಒಣಗಿ ನಿಂತ್ಕತದೆ. ಆಮೇಲೆ ಏನ್ ಮಾಡುದ್ರೂ ಹಳದಿ ಆಗಕ್ಕಿಲ್ಲ ಕಣ್ರೀ. ಅದ್ಕೇ ಬಾಯಿ ಮುಚ್ಕಂಡಿವ್ನಿ."

"ನಾನು ಸೊಪ್ಪಲ್ಲ ಗುರುಗಳೇ."

"ಸೊಪ್ಪು ಇಷ್ಟು ಕಾಟ ಕೊಡಕ್ಕಿಲ್ಲ ಬುಡಿ," ಎಂದವರು, ಕಿಂಡಿಯಲ್ಲಿ ನೋಡುವಂತೆಯೇ ನನ್ನ ಮುಖವನ್ನು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಒಲೆಯಿಂದ ಒಂದು ಕೊಳ್ಳಿಯನ್ನು ಹೊರಗೆಳೆದರು.

ಸಂಜೆ ಕಚೇರಿಗೆ ಫೋನ್ ಮಾಡಿ ಇನ್ನೊಂದು ವಾರ ರಜೆ ಕೇಳಿದೆ. ಮೇಲಧಿಕಾರಿ ಅದೇ ಹೊಗೆಸೊಪ್ಪಿನ ಸೀಮೆಯ ಪಿರಿಯಾಪಟ್ಟಣದವರು. ಕಾರಣ ಕೇಳಿದರು. ಸೊಪ್ಪು ಇನ್ನೂ ಹದಕ್ಕೆ ಬಂದಿಲ್ಲ ಎಂದೆ. ಜ್ಞಾನೋದಯಕ್ಕೆಂದರೆ ಖಂಡಿತ ಕೊಡುತ್ತಿರಲಿಲ್ಲ. ಇದಕ್ಕೆ ಮರುಮಾತಿಲ್ಲದೆ ಕೊಟ್ಟರು.